ಅಪ್‌ಡೇಟ್: ಹಳೇ 86, ಹೊಸ 86, ಎರಡೂ ಒಂದೇ ಡೈನೋ ಮೇಲೆ

ನನ್ನ 2013ರ ಸಯಾನ್ ಎಫ್‌ಆರ್-ಎಸ್‌ಗೂ (ಅಮೆರಿಕದಲ್ಲಿ ಟೊಯೊಟಾ 86 ಸ್ಪೋರ್ಟ್ಸ್ ಕಾರಿಗೆ ಆಗ ಇದೇ ಹೆಸರು) ಗೆಳೆಯನ ಹೊಸ ಜಿಆರ್86ಕ್ಕೂ (ಅದೇ ಕಾರಿನ ಮುಂದಿನ ಪೀಳಿಗೆ) ಡೈನೋದಲ್ಲಿ (ಚಕ್ರಕ್ಕೆ ಬರುವ ಶಕ್ತಿ ಅಳೆಯುವ ಯಂತ್ರ) ವ್ಯತ್ಯಾಸ ಇಷ್ಟು ಕಡಿಮೆ ಯಾಕೆ ಅಂತ ಕೇಳಿದ್ದೆ, ಅಲ್ವಾ? ತಪ್ಪು ನನ್ನದೇ. ಬೇರೆ ಬೇರೆ ಗ್ಯಾರೇಜಿನ ಶೀಟುಗಳನ್ನು ಪಕ್ಕಪಕ್ಕ ಇಟ್ಟಿದ್ದೆ. ಡೈನೋ ಬೇರೆ, ಹವೆ ಬೇರೆ, ಕರೆಕ್ಷನ್ (ಹವೆಗೆ ತಕ್ಕಂತೆ ಅಂಕಿ ಸರಿಹೊಂದಿಸುವ ಲೆಕ್ಕ) ಕೂಡ ಬೇರೆ.

ನೀವು ಹೇಳಿದಂತೆ ಎರಡನ್ನೂ ಒಂದೇ ದಿನ, ಒಂದೇ ಡೈನೋ ಮೇಲೆ, ಒಂದೇ ಗೇರಿನಲ್ಲಿ ಓಡಿಸಿದೆವು. ಕಂಪನಿ ಲೆಕ್ಕ 200 ಮತ್ತು 228 ಹಾರ್ಸ್‌ಪವರ್. ಅದು ಎಂಜಿನ್ನಿನದು. ಚಕ್ರಕ್ಕೆ ಬರುವಷ್ಟರಲ್ಲಿ ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಒಂದಷ್ಟು ತಿನ್ನುತ್ತವೆ. ಹಾಗಾಗಿ ಎರಡೂ ಕಾರಿನ ಅಂಕಿ ಕಡಿಮೆ ಬಂತು, ಆದರೆ ಅಂತರ ಸ್ಪಷ್ಟವಾಗಿತ್ತು.

ನಿಜವಾದ ಕಥೆ ಶೀಟಿನ ಟಾರ್ಕ್ (ಎಂಜಿನ್ನಿನ ತಿರುಗುಬಲ) ಗೆರೆಯಲ್ಲಿದೆ. ನನ್ನ 2.0 ಲೀಟರ್ ಎಂಜಿನ್‌ನಲ್ಲಿ 4000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತುಗಳು) ಆಸುಪಾಸು ಗೆರೆ ಹಳ್ಳಕ್ಕೆ ಇಳಿಯುತ್ತದೆ. ಗರಿಷ್ಠ ಟಾರ್ಕ್ ಸಿಗುವುದು 6400ರ ನಂತರ. ಹೊಸ 2.4 ಲೀಟರ್‌ನಲ್ಲಿ 3700ಕ್ಕೇ ಸಿಗುತ್ತದೆ, ಅದೂ ಕಂಪನಿ ಲೆಕ್ಕದಲ್ಲಿ ಸುಮಾರು 250 ನ್ಯೂಟನ್ ಮೀಟರ್. ನನ್ನದರಲ್ಲಿ 205. ಘಾಟಿ ರಸ್ತೆಯಲ್ಲಿ ತಿರುವಿನಿಂದ ಹೊರಬರುವಾಗ ಬೇಕಾಗುವುದು ಕಡಿಮೆ ಆರ್‌ಪಿಎಂನಲ್ಲೇ ಸಿಗುವ ಈ ಟಾರ್ಕ್.

ಸುಮ್ನೆ ಗರಿಷ್ಠ ಪವರ್ ಮಾತ್ರ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನನ್ನ ಕಾರನ್ನು ಮಾರುವುದಿಲ್ಲ. ಮುಂದಿನ ತಿಂಗಳು ಹೆಡರ್ (ಎಂಜಿನ್ನಿನಿಂದ ಹೊಗೆ ಹೊರತರುವ ಕೊಳವೆಗಳು) ಬದಲಿಸಿ, ಅದೇ ಡೈನೋಗೆ ಮತ್ತೆ ಹೋಗುತ್ತೇನೆ.