ಸ್ಕ್ಯಾನ್ ನಾರ್ಮಲ್, ಕಿಟ್ಟಿ ಇನ್ನೂ ಅಲ್ಲ

ಸುಬ್ಬಣ್ಣ ದೊಡ್ಡಪ್ಪ: (ಫಾರ್ವರ್ಡ್ ವಿಡಿಯೋ) ತಲೆಗೆ ಪೆಟ್ಟಾಗಿ ಮರೆವು ಬಂದವರಿಗೆ ಬ್ರಾಹ್ಮಿ ಎಣ್ಣೆ, ನೆನೆಸಿದ ಬಾದಾಮಿ, ದಿನಾ ಮಗ್ಗಿ. ಮೂರೇ ವಾರದಲ್ಲಿ ಮೊದಲಿನಂತೆ! ವೀಣಾ, ಕಿಟ್ಟಿಗೆ ಇವತ್ತೇ ಶುರು ಮಾಡು.

ವೀಣಾ: ದೊಡ್ಡಪ್ಪ, ಬಾದಾಮಿ ತಿನ್ನಲಿ. ಆದರೆ ಮೂರು ವಾರದ ಮಾತು ಸುಳ್ಳು. ಅವನಿಗೆ ಇದನ್ನು ತೋರಿಸಬೇಡಿ. ಸರಿಹೋಗದಿದ್ದರೆ ತನ್ನದೇ ತಪ್ಪು ಅಂದುಕೊಳ್ಳುತ್ತಾನೆ.

ಲತಾ ಅತ್ತೆ: ಸ್ಕ್ಯಾನ್ ನಾರ್ಮಲ್ ಬಂತಲ್ಲ ವೀಣಾ. ನನ್ನ ಮಗಳ ಮದುವೆ ಊಟದಲ್ಲಿ ಏನೇನಿತ್ತು ಅಂತ ಪಟಪಟ ಹೇಳಿದ. ನಿನ್ನೆ ಹೇಳಿದ ಗ್ಯಾಸ್ ಬುಕಿಂಗ್ ಮಾತ್ರ ಮರೆತ. ಅದು ಸೋಮಾರಿತನ ಅಲ್ವಾ?

ವೀಣಾ: ಅಲ್ಲ ಅತ್ತೆ. ಹಳೆಯದು ನೆನಪಿದ್ದು ಹೊಸದು ನಿಲ್ಲದೆ ಇರುವುದು ಈ ಪೆಟ್ಟಿನಲ್ಲಿ ತುಂಬಾ ಮಾಮೂಲಿ. ಬೈಕಿಂದ ಬಿದ್ದಾಗ ತಲೆ ರಭಸವಾಗಿ ತಿರುಗಿ ಗಕ್ಕನೆ ನಿಲ್ಲುತ್ತದೆ. ಒಳಗೆ ನರಕೋಶಗಳ ಸಣ್ಣ ಎಳೆಗಳು ಜಗ್ಗಿ ಹಾಳಾಗುತ್ತವೆ. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ, ಮುರಿದ ಮೂಳೆ ಕಾಣುತ್ತದೆ. ಈ ಎಳೆಗಳ ಗಾಯ ಎಷ್ಟೋ ಸಲ ಕಾಣುವುದೇ ಇಲ್ಲ. ಹಣೆಯ ಹಿಂದಿರುವ ಮಿದುಳಿಗೆ ಪೆಟ್ಟಾದರೆ, ಕೆಲಸ ಗೊತ್ತಿದ್ದರೂ ಶುರು ಮಾಡಲು ಆಗುವುದಿಲ್ಲ. ನೋಡಿದವರು ಸೋಮಾರಿ ಅನ್ನುತ್ತಾರೆ. ಅವನ ಸಿಟ್ಟಿಗೂ ಅದೇ ಕಾರಣ ಇರಬಹುದು.

ಪ್ರಸಾದ್: ಅಕ್ಕ, ನನ್ನ ಜೊತೆ ಚೆನ್ನಾಗೇ ಮಾತಾಡುತ್ತಾನಲ್ಲ?

ವೀಣಾ: ನೀನೊಬ್ಬನೇ ಇದ್ದಾಗ ಮಾತಾಡುತ್ತಾನೆ. ಹಬ್ಬದ ದಿನ ಟಿವಿ, ಕುಕ್ಕರ್, ಎಲ್ಲರ ಮಾತು ಒಟ್ಟಿಗೆ ಬಂದಾಗ ಎದ್ದು ಕೋಣೆಗೆ ಹೋದ. ಅದಕ್ಕೆ ಅಹಂಕಾರ ಅಂದರು. ನನಗೆ ತುಂಬಾ ನೋವಾಯಿತು. ಅಷ್ಟು ಗದ್ದಲದಲ್ಲಿ ಒಂದು ಮಾತು ಹಿಡಿಯುವುದರಲ್ಲೇ ಅವನು ಸುಸ್ತಾಗಿಬಿಡುತ್ತಾನೆ.

ಸುಬ್ಬಣ್ಣ ದೊಡ್ಡಪ್ಪ: ಹಾಗಾದರೆ ಸುಮ್ನೆ ಕೂರಬೇಕಾ?

ವೀಣಾ: ಇಲ್ಲ. ನಿಮ್ಹಾನ್ಸ್‌ನಲ್ಲಿ ನ್ಯೂರೋಸೈಕಾಲಜಿ ಪರೀಕ್ಷೆ ಮಾಡುತ್ತಾರೆ. ಗಮನ, ನೆನಪು, ಯೋಚಿಸುವ ವೇಗ, ಯಾವುದು ಎಷ್ಟು ಕುಗ್ಗಿದೆ ಅಂತ ನೋಡಿ ತರಬೇತಿ ಕೊಡುತ್ತಾರೆ. ಮೊದಲ 6 ತಿಂಗಳಲ್ಲಿ ಸುಧಾರಣೆ ಜಾಸ್ತಿ, ಆಮೇಲೆ ನಿಧಾನ. ವರ್ಷಗಳ ನಂತರವೂ ಸ್ವಲ್ಪ ಸ್ವಲ್ಪ ಆಗಬಹುದು. ಮನೆಯಲ್ಲಿ ಡೈರಿ, ಫೋನ್ ಅಲಾರಂ, ಒಂದು ಸಲಕ್ಕೆ ಒಂದೇ ಕೆಲಸ, ಒಳ್ಳೆ ನಿದ್ದೆ. ಪ್ರಸಾದ್, ಒಂದು ಪೆಗ್‌ನಿಂದ ಏನಾಗುತ್ತೆ ಅಂತ ಕರೆಯಬೇಡ. ಕುಡಿತ ಅವನಿಗೆ ಪೂರ್ತಿ ಬೇಡ.

ಲತಾ ಅತ್ತೆ: ಎಲ್ಲಕ್ಕೂ ಅಲಾರಂ ಇಟ್ಟರೆ ತಲೆ ಇನ್ನೂ ಮೊಂಡಾಗಲ್ವಾ?

ವೀಣಾ: ಆಗಲ್ಲ ಅತ್ತೆ. ಬಿಪಿ ಮಾತ್ರೆಗೆ ನೀವೂ ಅಲಾರಂ ಇಟ್ಟಿದ್ದೀರಿ.

ಸುಬ್ಬಣ್ಣ ದೊಡ್ಡಪ್ಪ: ಎಣ್ಣೆ ಹಚ್ಚಿದರೆ ತಪ್ಪೇನಮ್ಮ?

ವೀಣಾ: ಹಚ್ಚಿ, ನಾನೇ ಹಚ್ಚುತ್ತೇನೆ. ಆದರೆ ವಿಡಿಯೋ ಕೊನೆ ತನಕ ನೋಡಿದಿರಾ? ಇಂಗ್ಲಿಷ್ ಔಷಧಿ ಎಲ್ಲ ನಿಲ್ಲಿಸಿ ಅನ್ನುತ್ತಾರೆ. ಕಿಟ್ಟಿಗೆ ಒಮ್ಮೆ ಫಿಟ್ಸ್ ಬಂದಿದೆ. ಅದರ ಮಾತ್ರೆ ದಿಢೀರಂತ ನಿಲ್ಲಿಸಿದರೆ ಮತ್ತೆ ಬರಬಹುದು. ಅವನೂ ಈ ಗುಂಪಿನಲ್ಲಿದ್ದಾನೆ ದೊಡ್ಡಪ್ಪ. ಈಗಲೇ ಎಲ್ಲರಿಗೂ ಡಿಲೀಟ್ ಮಾಡಿ.