ಶುಂಠಿ ಬಿಟ್ಟ ಜಾಗಕ್ಕೆ ಸಕ್ಕರೆ ಬೀಟ್ ಹಾಕಬಹುದಾ?

ಹಾರಂಗಿ ನಾಲೆ ಪಕ್ಕದವ:
ಕುಶಾಲನಗರದ ಹತ್ತಿರ ಮೂರು ಎಕರೆ ಇದೆ. ಕೊಳೆರೋಗಕ್ಕೆ ಅರ್ಧ ಶುಂಠಿ ಹೋಯಿತು, ಅದೇ ಜಾಗಕ್ಕೆ ಮತ್ತೆ ಶುಂಠಿ ಹಾಕುವ ಧೈರ್ಯ ಇಲ್ಲ. ಸಕ್ಕರೆ ಬೀಟ್ ಅಂತ ಬಿಳಿ ಗೆಡ್ಡೆ ಬರುತ್ತದಲ್ಲ, ಅದರಲ್ಲಿ ಶೇ 15ರಿಂದ 18 ಸಕ್ಕರೆ. ಐದಾರು ತಿಂಗಳಿಗೆ ಬೆಳೆ ಕೈಗೆ ಬರುತ್ತದೆ. 2018ರ ಜೈವಿಕ ಇಂಧನ ನೀತಿಯಲ್ಲಿ ಎಥೆನಾಲ್‌ಗೆ ಅದರ ಹೆಸರೂ ಇದೆ. ಪೆಟ್ರೋಲ್‌ಗೆ ಶೇ 20 ಎಥೆನಾಲ್ ಬೆರೆಸುತ್ತಿರುವಾಗ ನಾವು ಯಾಕೆ ಬೆಳೆಯಬಾರದು?

ಪೊನ್ನಂಪೇಟೆ ಅಕ್ಕ:
ಹಲಸಿನ ಹಣ್ಣಿನ ವಾಸನೆಗೇ ಆನೆ ತೋಟಕ್ಕೆ ಇಳಿಯುತ್ತದೆ. ನೀವು ಸಿಹಿ ಗೆಡ್ಡೆ ಸಾಲಾಗಿ ಹಾಕಿ ಕರೀತೀರಾ? ಆನೆ ಬಿಟ್ಟರೂ ಕಾಡುಹಂದಿ ಬಿಡುತ್ತಾ?

ಕಬ್ಬಿನ ಕಾರ್ಖಾನೆಯಲ್ಲಿದ್ದವ:
ಆನೆ, ಹಂದಿ ಆಮೇಲೆ ನೋಡೋಣ ಅಕ್ಕ. ಮೊದಲು ಇದನ್ನು ಎಲ್ಲಿಗೆ ಒಯ್ಯೋದು? ಕಬ್ಬಿನ ಗಾಣಕ್ಕೆ ಬೀಟ್ ಕೊಟ್ಟರೆ ಆಗಲ್ಲ. ತೊಳೆದು, ಉದ್ದುದ್ದ ಎಳೆಯಾಗಿ ಹೆಚ್ಚಿ, ಸುಮಾರು 70 ಡಿಗ್ರಿ ಬಿಸಿನೀರಿನಲ್ಲಿ ಸಕ್ಕರೆ ಬಿಡಿಸಬೇಕು. ಆಲೆಮನೆಯಲ್ಲಿ ಕೊಳೆ ತೆಗೆಯೋಕೆ ಸುಣ್ಣ ಹಾಕುತ್ತಾರಲ್ಲ, ಇಲ್ಲೂ ಸುಣ್ಣವೇ, ಆದರೆ ತುಂಬಾ ಜಾಸ್ತಿ. ಆಮೇಲೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಆ ಸುಣ್ಣ ತಳಕ್ಕೆ ಕೂರುವಂತೆ ಮಾಡಿ ಸೋಸುತ್ತಾರೆ. ಮುಂದಿನದು ಗೊತ್ತಿದ್ದದ್ದೇ, ಕಾಯಿಸಿ ಹರಳು ಮಾಡಿ ಕಾಕಂಬಿ ಬೇರೆ ಮಾಡೋದು.

ನಿಜವಾದ ಪೆಟ್ಟು ಬೀಳೋದು ಬಾಯ್ಲರ್ ಹತ್ತಿರ. ಕಬ್ಬಾದರೆ ಅದರ ಸಿಪ್ಪೆಯೇ ಉರುವಲು, ಕಾರ್ಖಾನೆ ಓಡಿಸಿ ಮಿಕ್ಕ ಕರೆಂಟು ಮಾರುತ್ತಾರೆ. ಬೀಟ್‌ನ ಸಿಪ್ಪೆ ಒದ್ದೆ ತಿರುಳು. ದನಕ್ಕೆ ಒಳ್ಳೆಯ ಮೇವು, ಒಲೆಗೆ ಸೊನ್ನೆ. ಉರುವಲು ಪೂರ್ತಿ ಹೊರಗಿಂದ ತರಬೇಕು.

ಗೋಣಿಕೊಪ್ಪ ವೆಲ್ಡರ್:
ಅಣ್ಣ, ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಾಫಿ ಹೊಟ್ಟು ರಾಶಿ ಬಿದ್ದಿರುತ್ತದೆ, ಅದನ್ನೇ ಉರಿಸಿದರಾಯ್ತು. ಹರಳು ಮಾಡುವ ತಾಪತ್ರಯ ಯಾಕೆ, ರಸಕ್ಕೇ ಯೀಸ್ಟ್ ಹಾಕಿ ಎಥೆನಾಲ್ ಮಾಡಿ.

ಕಬ್ಬಿನ ಕಾರ್ಖಾನೆಯಲ್ಲಿದ್ದವ:
ಹೊಟ್ಟಿನ ಮಾತು ಚೆನ್ನಾಗಿದೆ, ಒಪ್ಪಿದೆ. ರಸದಿಂದ ನೇರವಾಗಿ ಮಾಡುವವರೂ ಇದ್ದಾರೆ. ಒಂದು ಟನ್ ಬೀಟ್‌ಗೆ 90ರಿಂದ 100 ಲೀಟರ್ ಸಿಗುತ್ತದೆ. ಬಟ್ಟಿ ಇಳಿಸಿದರೆ ಶೇ 95ರ ಹತ್ತಿರ ನಿಲ್ಲುತ್ತದೆ, ಎಷ್ಟು ಕುದಿಸಿದರೂ ಉಳಿದ ನೀರು ಬಿಡಲ್ಲ. ಪೆಟ್ರೋಲ್‌ಗೆ ಹಾಕೋಕೆ ಆ ನೀರನ್ನು ಹೀರುವ ಬೇರೆ ಘಟಕ ಬೇಕು. ಅದಿಲ್ಲದೆ ನಿಮ್ಮದು ಸುಮ್ನೆ ಭಟ್ಟಿ ಅಂಗಡಿ ಅಷ್ಟೇ. ಅಬಕಾರಿಯವರು ಮೊದಲು ಬರುತ್ತಾರೆ 😀

ಕೂಡಿಗೆ ಹುಡುಗ:
ಮುಸುಕಿನ ಜೋಳ ಒಂದು ಟನ್‌ಗೆ 380 ಲೀಟರ್ ಆಸುಪಾಸು ಕೊಡುತ್ತದೆ, ಅದನ್ನು ನಾವು ಈಗಾಗಲೇ ಬೆಳೆಯುತ್ತಿದ್ದೇವೆ. ಲೆಕ್ಕ ಮುಗಿಯಿತಲ್ಲ?

ಹಾರಂಗಿ ನಾಲೆ ಪಕ್ಕದವ:
ಟನ್ ಲೆಕ್ಕ ಬೇಡ, ಎಕರೆ ಲೆಕ್ಕ ಹಾಕು ತಮ್ಮ. ಯುರೋಪಿನಲ್ಲಿ ಹೆಕ್ಟೇರಿಗೆ 70 ಟನ್ ಬೀಟ್ ಎತ್ತುತ್ತಾರೆ. ಎಕರೆಗೆ 28 ಟನ್ ಆಯ್ತು. ಅಂದರೆ 2,500 ಲೀಟರಿಗೂ ಜಾಸ್ತಿ. ನಿನ್ನ ಜೋಳ ಎಕರೆಗೆ ಎರಡೂವರೆ ಟನ್ ಬಂದರೆ ಸಾವಿರ ಲೀಟರೂ ದಾಟಲ್ಲ.

ಕೂಡಿಗೆ ಹುಡುಗ:
ಯುರೋಪಿನಲ್ಲಿ! ಅಲ್ಲಿ ಚಳಿ ಶುರುವಾಗುವಾಗ ಕೀಳುತ್ತಾರೆ, ರಾಶಿ ಹಾಕಿದರೂ ಕೆಡಲ್ಲ. ನಾವು ಮಳೆ ಮುಗಿದ ಮೇಲೆ ಬಿತ್ತಿದರೆ ಮಾರ್ಚ್, ಏಪ್ರಿಲ್‌ಗೆ ಕೀಳಬೇಕು. ಆ ಬಿಸಿಲಿಗೆ ರಾಶಿಯಲ್ಲೇ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ಜೋಳ ಒಣಗಿಸಿ ಚೀಲ ಕಟ್ಟಿದರೆ ತಿಂಗಳುಗಟ್ಟಲೆ ಇರುತ್ತದೆ. ಬೀಟ್‌ನಲ್ಲಿ ಮುಕ್ಕಾಲು ಪಾಲು ನೀರು, ಲಾರಿ ಬಾಡಿಗೆ ಕೊಟ್ಟು ನೀರು ಸಾಗಿಸ್ತೀರಾ?

ಕಬ್ಬಿನ ಕಾರ್ಖಾನೆಯಲ್ಲಿದ್ದವ:
ಹುಡುಗ ಹೇಳಿದ್ದು ಸರಿ. ರಾಜಸ್ಥಾನದ ಶ್ರೀಗಂಗಾನಗರದಲ್ಲಿ ಬೀಟ್‌ನಿಂದ ಸಕ್ಕರೆ ತೆಗೆದಿದ್ದಾರೆ. ಅದು ಒಣ ನೆಲ. ಬೀಟ್ ಉಪ್ಪು ಮಣ್ಣನ್ನೂ ತಡೆಯುತ್ತದೆ, ಹುಳಿ ಮಣ್ಣನ್ನು ತಡೆಯಲ್ಲ. ನಮ್ಮದು ಹುಳಿ ಮಣ್ಣು. ಗದ್ದೆಗೂ ಸುಣ್ಣ, ರಸಕ್ಕೂ ಸುಣ್ಣ.

ಹಾರಂಗಿ ನಾಲೆ ಪಕ್ಕದವ:
ಮೂರೆಕರೆ ಮಾತು ಬಿಟ್ಟೆ. ಎರಡು ಗುಂಟೆಗೆ ಹಾಕಿ ನೋಡ್ತೀನಿ, ಬೀಜ ಎಲ್ಲಿ ಸಿಗುತ್ತದೆ? ಹೂ ಬಿಡೋಕೆ ಒಳ್ಳೆ ಚಳಿ ಬೇಕಂತೆ, ಮನೆಯಲ್ಲಿ ಬೀಜ ಮಾಡಿಕೊಳ್ಳೋಕೂ ಆಗಲ್ಲ.

ಪೊನ್ನಂಪೇಟೆ ಅಕ್ಕ:
ಬೀಜ ಸಿಕ್ಕರೆ ನನಗೂ ಒಂದು ಹಿಡಿ ಕಳಿಸಿ. ಎಥೆನಾಲ್‌ಗೆ ಅಲ್ಲ, ನಮ್ಮ ಹಸುಗಳಿಗೆ. ಬೇಲಿ ಮಾತ್ರ ಮೊದಲು ಹಾಕಿಸಿ ಮಾರಾಯ್ರೇ.