ಚಿಕ್ಕಪ್ಪನ ಮಾನಿಟರೂ ಮನೆಮಂದಿಯ ಗುಂಪೂ

ಮೈಸೂರು ಚಿಕ್ಕಪ್ಪ: “ಎಚ್ಚರಿಕೆ! ಲ್ಯಾಪ್‌ಟಾಪಿಗೆ ಹೊರಗಿನ ಮಾನಿಟರ್ ಜೋಡಿಸಿದರೆ ಆರೇ ತಿಂಗಳಲ್ಲಿ ಪ್ರೊಸೆಸರ್ ಸುಟ್ಟುಹೋಗುತ್ತದೆ. ಎಲ್ಲರಿಗೂ ಕಳುಹಿಸಿ.” ನೋಡಿ, ನಾನು ಹೇಳಿದ್ದೇ ನಿಜವಾಯಿತು. ನನ್ನ ಲ್ಯಾಪ್‌ಟಾಪಿನ ಫ್ಯಾನು ಬೆಳಗ್ಗೆಯಿಂದ ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿದೆ.

ಶಿರಸಿ ಅತ್ತೆ: ನಮ್ಮ ಮಹಿಳಾ ಮಂಡಳಿಯ ಗುಂಪಿಗೂ ಆಗಲೇ ಕಳುಹಿಸಿದೆ.

ಪುಟ್ಟಿ: ಯಾರು ಬರೆದದ್ದು, ಯಾವ ಲ್ಯಾಪ್‌ಟಾಪಿನಲ್ಲಿ ಕಂಡದ್ದು ಎಂಬುದೇ ಇದರಲ್ಲಿಲ್ಲವಲ್ಲ, ಅತ್ತೆ. ಚಿಕ್ಕಪ್ಪ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಯಾವ ತಂತ್ರಾಂಶ ಎಷ್ಟು ಕೆಲಸ ಕೊಡುತ್ತಿದೆಯೆಂದು ತೋರಿಸುವ ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು, ಅಂದರೆ ಪ್ರೊಸೆಸರ್, ಎಂಬಲ್ಲಿ ಕ್ಲಿಕ್ ಮಾಡಿದರೆ ಎಲ್ಲಕ್ಕಿಂತ ಮೇಲೆ ಯಾವ ಹೆಸರು ಬರುತ್ತದೆಂದು ತಿಳಿಸುತ್ತೀರಾ?

ದೊಡ್ಡಪ್ಪ: ಹಿರಿಯರು ಕಾಳಜಿಯಿಂದ ಕಳುಹಿಸಿದ್ದಕ್ಕೂ ಪುರಾವೆ ಕೇಳುವ ಕಾಲ ಬಂತು. ಒಂದು ಪರದೆ ಸಾಲದೆಂದು ಇನ್ನೊಂದಕ್ಕೆ ಆಸೆಪಟ್ಟರೆ ಯಂತ್ರವಾದರೂ ಎಷ್ಟು ಹೊರೆ ಹೊತ್ತೀತು?

ಪುಟ್ಟಿ: ಆ ಹೊರೆಗೂ ಲೆಕ್ಕವಿದೆ, ದೊಡ್ಡಪ್ಪ. ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 3840×2160ರ 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಇರುತ್ತವೆ. ಆದರೆ ಅವನ್ನು ಮೂಡಿಸುವುದು ಬಹುಮಟ್ಟಿಗೆ ಗ್ರಾಫಿಕ್ಸ್ ಚಿಪ್ಪಿನ ಕೆಲಸ.

ಗುಂಡಣ್ಣ: ಹಳೆಯ ಮನೆಯ ದಪ್ಪ ಬೆನ್ನಿನ ಮಾನಿಟರ್ ಯಾರಿಗಾದರೂ ನೆನಪಿದೆಯೇ? ಅಜ್ಜಿ ಹೊಲಿದ ಹೊದಿಕೆಯ ಮೇಲೆ ಬೆಕ್ಕು ಬೆಚ್ಚಗೆ ಮಲಗುತ್ತಿತ್ತು. ಬಿಸಿಯಾಯಿತೆಂದು ಆಗ ಯಾರೂ ದೂರಲಿಲ್ಲ, ಬೆಕ್ಕಂತೂ ದೂರಲೇ ಇಲ್ಲ.

ಮೈಸೂರು ಚಿಕ್ಕಪ್ಪ: ಮೇಲೆ ಬಂದದ್ದು ಡಾಕಿನ, ಅದೇ ಲ್ಯಾಪ್‌ಟಾಪಿಗೂ ಮಾನಿಟರಿಗೂ ನಡುವೆ ಜೋಡಿಸಿದ ಪೆಟ್ಟಿಗೆಯ, ತಂತ್ರಾಂಶದ ಹೆಸರು; ಪ್ರೊಸೆಸರಿನ ಶೇ. 38 ಅದಕ್ಕೇ ಹೋಗುತ್ತಿದೆ. ಡಾಕ್ ಕೊಳ್ಳಿರೆಂದು ಕಳೆದ ದೀಪಾವಳಿಯಲ್ಲಿ ಬುದ್ಧಿ ಹೇಳಿದವಳು ನೀನೇ ಅಲ್ಲವೇ, ಪುಟ್ಟಿ?

ಪುಟ್ಟಿ: ನಾನು ಹೇಳಿದ್ದು ಗ್ರಾಫಿಕ್ಸ್ ಚಿಪ್ಪಿನಿಂದ ಟೈಪ್-ಸಿ ಕೇಬಲ್ಲಿನಲ್ಲಿ ಚಿತ್ರವನ್ನು ನೇರವಾಗಿ ಸಾಗಿಸುವ ಡಾಕು; ನೀವು ಕೊಂಡದ್ದು ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಆಯತಾಕಾರದ ಯುಎಸ್‌ಬಿ ತೂತಿಗೆ ಸಿಕ್ಕಿಸುವಂಥದ್ದು. ಅದರಲ್ಲಿ ಪರದೆಯ ಮೇಲೆ ಬದಲಾದದ್ದನ್ನೆಲ್ಲ ಪ್ರೊಸೆಸರೇ ಕುಗ್ಗಿಸಿ ಕಟ್ಟಿ ಯುಎಸ್‌ಬಿಯ ಮೂಲಕ ಕಳುಹಿಸಬೇಕಾಗುತ್ತದೆ. ಆದ್ದರಿಂದಲೇ ಯಕ್ಷಗಾನದ ವಿಡಿಯೊ ಹಾಕಿದಾಗ ಫ್ಯಾನು ಕೂಗುತ್ತದೆ, ಪತ್ರಿಕೆಯ ಪುಟ ತೆರೆದಿಟ್ಟಾಗ ಸುಮ್ಮನಿರುತ್ತದೆ. ಮಾನಿಟರನ್ನು ಎಚ್‌ಡಿಎಂಐ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೇ ಜೋಡಿಸಿ ಅದೇ ವಿಡಿಯೊ ಓಡಿಸಿ ನೋಡಿ. ಆಗಲೂ ಹೊರೆ ಇಳಿಯದಿದ್ದರೆ ವಿಡಿಯೊದ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸುವ, ಬ್ರೌಸರಿನ ಹಾರ್ಡ್‌ವೇರ್ ಆಕ್ಸಲರೇಶನ್ ಎಂಬ ಸೆಟ್ಟಿಂಗ್ ಆಫ್ ಆಗಿದೆಯೇ ಪರೀಕ್ಷಿಸಬೇಕು, ಏಕೆಂದರೆ ಅದಿಲ್ಲದಿದ್ದರೆ ಕುಗ್ಗಿಸಿಟ್ಟ ವಿಡಿಯೊವನ್ನು ಬಿಚ್ಚುವ ಕೆಲಸವೂ ಪ್ರೊಸೆಸರಿನ ತಲೆಗೇ ಬರುತ್ತದೆ.

ಮೈಸೂರು ಚಿಕ್ಕಪ್ಪ: ಅದು ಆಫ್ ಆಗಿಯೇ ಇದೆ. ಆಫ್ ಮಾಡಿದರೆ ವೇಗ ಹೆಚ್ಚುತ್ತದೆಂದು ಅಣ್ಣ ಇದೇ ಗುಂಪಿಗೆ ಕಳುಹಿಸಿದ್ದನಲ್ಲ.

ದೊಡ್ಡಪ್ಪ: ನನಗೆ ಬಂದದ್ದನ್ನು ನಾನು ಕಳುಹಿಸಿದೆ, ಅಷ್ಟೆ.

ಚಿಕ್ಕಮ್ಮ: ಅದೆಲ್ಲ ಇರಲಿ, ಎಚ್‌ಡಿಎಂಐ ಕೇಬಲ್ ನಮ್ಮಲ್ಲಿ ಎಲ್ಲಿದೆ? ಗೃಹಪ್ರವೇಶದ ದಿನ ಟಿವಿಯಲ್ಲಿ ಫೋಟೊ ತೋರಿಸಲು ಬೇಕೆಂದು ಒಯ್ದ ಪುಟ್ಟಿ ಇನ್ನೂ ಹಿಂದಿರುಗಿಸಿಲ್ಲ.

ಪುಟ್ಟಿ: ಭಾನುವಾರ ತಂದುಕೊಡುತ್ತೇನೆ, ಚಿಕ್ಕಮ್ಮ.

ದೊಡ್ಡಪ್ಪ: ಯಾವ ಭಾನುವಾರ ಎಂಬುದಕ್ಕೆ ಪುರಾವೆ ಕೊಡಮ್ಮ.